ರಾಜ್ಯ ಹೋದ ಮೇಲೂ ಉಳಿದ ನಾಡು

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಅದಕ್ಕೆ ನಾಲ್ಕು ವರ್ಷ ಮೊದಲು, 1795ರಲ್ಲಿ, ಪೋಲೆಂಡ್ ಎಂಬ ರಾಜ್ಯ ಭೂಪಟದಿಂದಲೇ ಇಲ್ಲವಾಯಿತು. ಮೈಸೂರಿನ ಓದುಗರು ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಒಳ್ಳೆಯದು. ನಮ್ಮಲ್ಲಿ ಟಿಪ್ಪುವಿನ ನಂತರ ಒಡೆಯರಿಗೆ ಗಾದಿ ಮರಳಿತು, 1831ರಲ್ಲಿ ಆಡಳಿತ ಕಮಿಷನರ ಕೈಗೆ ಹೋಯಿತು, 1881ರಲ್ಲಿ ಅರಮನೆಗೆ ಹಿಂತಿರುಗಿತು. ಅಧಿಕಾರ ಯಾರ ಕೈಯಲ್ಲೇ ಇರಲಿ, ಮೈಸೂರು ಎಂಬ ಹೆಸರು, ಅದಕ್ಕೊಂದು ಗಡಿ, ಒಂದು ಸಿಂಹಾಸನ ಉಳಿದಿದ್ದವು. ಪೋಲೆಂಡಿಗೆ ಅಷ್ಟೂ ಉಳಿಯಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ 1772, 1793, 1795ರಲ್ಲಿ ಮೂರು ಸಲ ಕುಳಿತು ಅದನ್ನು ಪಾಲು ಮಾಡಿಕೊಂಡವು, 1793ರ ಸಲ ಮಾತ್ರ ಆಸ್ಟ್ರಿಯಾ ಇರಲಿಲ್ಲ. ನಡುವೆ ನೆಪೋಲಿಯನ್ ಕಟ್ಟಿಕೊಟ್ಟ ವಾರ್ಸಾ ಡಚಿ, 1815ರ ನಂತರ ರಷ್ಯಾದ ಝಾರ್ ದೊರೆಯೇ ರಾಜನಾಗಿದ್ದ ಒಂದು ಪೋಲೆಂಡ್, ಹೀಗೆ ಕೆಲವು ತುಂಡುಗಳು ಇದ್ದವು ನಿಜ. ಸ್ವತಂತ್ರ ಪೋಲೆಂಡ್ ಮತ್ತೆ ಬಂದದ್ದು 1918ರಲ್ಲಿ, 123 ವರ್ಷಗಳ ಮೇಲೆ.

ಆ 123 ವರ್ಷ ಪೋಲಿಷರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಂಡರು. ರಾಜ್ಯ ಹೋದ ಮೇಲೆ ನಾಡು ಎಲ್ಲಿದೆ, ಅದರವರು ಯಾರು? ಪೋಲಿಷ್ ರಾಷ್ಟ್ರೀಯ ಚಿಂತನೆ ಎಂದರೆ ಇದಕ್ಕೆ ಕೊಟ್ಟ ಉತ್ತರಗಳ ಸಾಲು. ಮಾನಸಗಂಗೋತ್ರಿಯಲ್ಲಿ ಇತಿಹಾಸ ಓದುವವರು, ಯುಪಿಎಸ್‌ಸಿ, ಕೆಎಎಸ್‌ಗೆ ಯುರೋಪಿನ ಪಾಠ ಉರು ಹೊಡೆಯುವವರು ಇದನ್ನು ಬಿಸ್ಮಾರ್ಕ್, ಮಾಜ್ಜಿನಿ ಅಧ್ಯಾಯಗಳ ಬಾಲಕ್ಕೆ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಆ ಎರಡು ಸಾಲಿನಲ್ಲಿ ಬಿಟ್ಟುಹೋಗುವುದೇ ಹೆಚ್ಚು, ಅದಕ್ಕೇ ಈ ಬರಹ.

ಮೊದಲು ಪದಗಳು, ಕನ್ನಡದಲ್ಲಿ ಓದುವವರು ಎಡವುವುದು ಇಲ್ಲೇ. ಪೋಲಿಷ್ ಭಾಷೆಯಲ್ಲಿ 'ಪಾನ್‌ಸ್ತ್ವೊ' ಎಂದರೆ ರಾಜ್ಯ. ಸರ್ಕಾರ, ಸೈನ್ಯ, ಕಂದಾಯ, ಗಡಿ ಎಲ್ಲ ಅದರಲ್ಲಿ ಬಂತು. 'ನಾರುದ್' ಎಂದರೆ ನಾಡವರು. ನಾವು ಎರಡಕ್ಕೂ 'ರಾಷ್ಟ್ರ' ಎಂದು ಬರೆದುಬಿಡುತ್ತೇವೆ. ಆಗ 'ರಾಷ್ಟ್ರ ನಾಶವಾಯಿತು, ಆದರೆ ರಾಷ್ಟ್ರ ಉಳಿಯಿತು' ಎಂಬಂಥ ಅರ್ಥವಾಗದ ವಾಕ್ಯ ಹುಟ್ಟುತ್ತದೆ. ನಮ್ಮಲ್ಲೇ ಅದಕ್ಕೆ ಒಳ್ಳೆಯ ಪದವಿದೆ. 1956ಕ್ಕೆ ಮುಂಚೆ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹಂಚಿಹೋಗಿದ್ದಾಗ ಕನ್ನಡಿಗರಿಗೆಲ್ಲ ಒಂದು ರಾಜ್ಯ ಇರಲಿಲ್ಲ, ಕನ್ನಡ ನಾಡು ಇತ್ತು. 'ನಾರುದ್' ಬಂದ ಕಡೆಯೆಲ್ಲ 'ನಾಡು', 'ನಾಡವರು' ಎಂದು ಓದಿಕೊಂಡು ನೋಡಿ, ಪಠ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ 'ನಾಡು' ನೆಲದಿಂದ ಬಂದ ಪದ. ಅವರ 'ನಾರುದ್' ಒಳಗೆ 'ರುದ್' ಇದೆ, ಅಂದರೆ ಕುಲ, ವಂಶ. ಮುಂದೆ ಬರುವ ಜಗಳದ ಬೀಜ ಆ ಪದದಲ್ಲೇ ಇದೆ.

ಉಚ್ಚಾರಣೆಯ ಬಗ್ಗೆಯೂ ಒಂದು ಮಾತು. ಪೋಲಿಷ್ ಲಿಪಿಯಲ್ಲಿ ಅಡ್ಡಗೆರೆ ಎಳೆದ ಎಲ್ ಅಕ್ಷರದ ಧ್ವನಿ 'ವ'ಕ್ಕೆ ಹತ್ತಿರ, ಸಿ ಅಕ್ಷರ 'ತ್ಸ'. ಹಾಗಾಗಿ ನಾವು ಪಿಲ್ಸುಡ್‌ಸ್ಕಿ ಎಂದು ಬರೆಯುವ ಹೆಸರು ಅವರ ಬಾಯಲ್ಲಿ 'ಪಿವ್ಸುತ್ಸ್ಕಿ'. ಇಲ್ಲಿ ರೂಢಿಯ ರೂಪವನ್ನೇ ಬಳಸಿದ್ದೇನೆ.

ಹದಿನೆಂಟನೇ ಶತಮಾನದ ಕೊನೆಯವರೆಗೆ ನಾಡವರು ಎಂದರೆ 'ಶ್ಲಾಖ್ತ' ಎಂಬ ಕುಲೀನ ವರ್ಗ ಮಾತ್ರ. ಫ್ರಾನ್ಸಿನಲ್ಲಿ ಕುಲೀನರು ಜನಸಂಖ್ಯೆಯ ಶೇ. 1ರ ಆಸುಪಾಸು, ಪೋಲೆಂಡ್–ಲಿಥುವೇನಿಯಾ ಸಂಯುಕ್ತ ರಾಜ್ಯದಲ್ಲಿ ಶೇ. 8ರಿಂದ 10. ರಾಜನನ್ನು ಆರಿಸುವವರು ಇವರೇ. ಸಂಸತ್ತಿನಲ್ಲಿ ಒಬ್ಬನೇ ಒಬ್ಬ ಎದ್ದು 'ಒಪ್ಪೆ' ಎಂದರೂ ಅಧಿವೇಶನದ ನಿರ್ಣಯಗಳೆಲ್ಲ ಬಿದ್ದುಹೋಗುತ್ತಿದ್ದವು, ಲಿಬೆರುಮ್ ವೆಟೊ ಎಂದರೆ ಅದು. ಅಜ್ಜ ಲಿಥುವೇನಿಯನ್ ಅಥವಾ ಇವತ್ತಿನ ಉಕ್ರೇನಿಯನ್ನಿನ ಹಳೆಯ ರೂಪ ಆಡುತ್ತಿದ್ದರೂ ಕುಲೀನನಾಗಿದ್ದರೆ ಅವನು ಪೋಲಿಷ್. ಹುಟ್ಟಿದಾಗಿನಿಂದ ಪೋಲಿಷ್ ಆಡುವ ಒಕ್ಕಲು ಮಾತ್ರ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನೀನು ಯಾರಪ್ಪ ಎಂದರೆ ಅವನು ಹೇಳುತ್ತಿದ್ದುದು 'ಇಲ್ಲಿಯವನು' ಎಂದು. ಅದಕ್ಕೆ 'ತುತೇಯ್ಶಿ' ಎಂಬ ಪದವೇ ಇದೆ. ಈ ಉತ್ತರ ಬೇಗ ಅಳಿಯಲಿಲ್ಲ. 1931ರ ಜನಗಣತಿಯಲ್ಲೂ ಪೂರ್ವದ ಜೌಗು ಸೀಮೆ ಪೊಲೇಸ್ಯೆಯಲ್ಲಿ ಸುಮಾರು 7 ಲಕ್ಷ ಜನರ ಮಾತೃಭಾಷೆ 'ಇಲ್ಲಿಯದು' ಎಂದು ದಾಖಲಾಗಿದೆ.

1791ರ ಮೇ 3ರ ಸಂವಿಧಾನ ವೆಟೊವನ್ನು ತೆಗೆದುಹಾಕಿತು, ಒಕ್ಕಲು ಜನರು ಕಾನೂನಿನ ರಕ್ಷಣೆಯಲ್ಲಿದ್ದಾರೆ ಎಂದಿತು. ಬಿಟ್ಟಿ ಚಾಕರಿಯನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದವನು ತದೇಉಷ್ ಕೊಶ್ಚುಷ್ಕೊ. 1794ರ ದಂಗೆಯ ನಡುವೆ ಪೊವಾನ್ಯೆತ್ಸ್ ಎಂಬಲ್ಲಿ ಅವನು ಹೊರಡಿಸಿದ ಆಜ್ಞೆಯ ಲೆಕ್ಕ ಹೀಗಿದೆ: ವಾರಕ್ಕೆ 5–6 ದಿನ ಒಡೆಯನ ಹೊಲದಲ್ಲಿ ದುಡಿಯುವವರಿಗೆ 2 ದಿನ ಕಡಿತ, 3–4 ದಿನದವರಿಗೆ 1 ದಿನ. ವಾರಕ್ಕೆ ಆರು ದಿನ ಬಿಟ್ಟಿ ದುಡಿಯುವವನಿಗೆ ನಾಡು ಎಂಬುದು ಯಾಕೆ ಬೇಕು ಎಂದು ಒಬ್ಬ ಸೇನಾನಿ ಕೇಳಿಕೊಂಡ ಮೊದಲ ಸಂದರ್ಭ ಇದು. ಅದಕ್ಕೂ ಮೊದಲು, ಅದೇ ವರ್ಷದ ಏಪ್ರಿಲ್ 4ರಂದು, ರಾತ್ಸ್‌ವಾವಿತ್ಸೆಯಲ್ಲಿ ರೈತರು ರಷ್ಯಾದ ಫಿರಂಗಿಗಳ ಮೇಲೆ ಏರಿಹೋದರು. ಅವರ ಕೈಯಲ್ಲಿದ್ದದ್ದು ಹುಲ್ಲು ಕೊಯ್ಯುವ ಉದ್ದ ಹಿಡಿಯ ಕುಡುಗೋಲು. ಅಲಗನ್ನು ಕಮ್ಮಾರನ ಹತ್ತಿರ ಕಳಚಿಸಿ, ಹಿಡಿಯ ನೇರಕ್ಕೆ ಈಟಿಯಂತೆ ಕೂರಿಸಿಕೊಂಡಿದ್ದರು. ಇವತ್ತಿಗೂ ಪೋಲೆಂಡಿನ ಚಿತ್ರಗಳಲ್ಲಿ ಈ ಕುಡುಗೋಲಿನವರು ಕಂಡರೆ ರೈತನೂ ನಾಡವನೇ ಎಂಬ ವಾದ ಬಂತು ಎಂದು ತಿಳಿಯಬೇಕು.

ಮೂರು ವರ್ಷದ ಮೇಲೆ, 1797ರಲ್ಲಿ, ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ನೆಪೋಲಿಯನ್ನನ ಪರ ಹೋರಾಡುತ್ತಿದ್ದ ಪೋಲಿಷ್ ದಳಕ್ಕಾಗಿ ಯೂಜೆಫ್ ವಿಬಿತ್ಸ್ಕಿ ಒಂದು ಹಾಡು ಕಟ್ಟಿದ. ನಾವು ಬದುಕಿರುವ ತನಕ ಪೋಲೆಂಡ್ ಸತ್ತಿಲ್ಲ ಎಂಬುದು ಅದರ ಮೊದಲ ಮಾತು. 1927ರಿಂದ ಅದೇ ಅಧಿಕೃತ ನಾಡಗೀತೆ. ರಾಜ್ಯ ಸತ್ತು ಎರಡೇ ವರ್ಷಕ್ಕೆ ಒಬ್ಬ 'ನಾಡು ನೆಲದಲ್ಲಿಲ್ಲ, ನಮ್ಮಲ್ಲಿದೆ' ಎಂದುಬಿಟ್ಟ. ಮುಂದಿನ ನೂರು ವರ್ಷದ ಚಿಂತನೆಗೆ ಅಡಿಪಾಯ ಇದು.

ಇನ್ನು ರೊಮ್ಯಾಂಟಿಕ್ ಕಾಲ. 1830ರ ನವೆಂಬರ್ 29ರಂದು ವಾರ್ಸಾದಲ್ಲಿ ದಂಗೆ ಎದ್ದಿತು, ಮರುವರ್ಷ ಅಕ್ಟೋಬರ್‌ನಲ್ಲಿ ಅಡಗಿತು. ಅದೇ ತಿಂಗಳುಗಳಲ್ಲಿ ನಮ್ಮಲ್ಲಿ ನಗರ ದಂಗೆ ನಡೆಯುತ್ತಿತ್ತು, ಅದರ ನೆಪದಲ್ಲೇ ಮುಮ್ಮಡಿಯವರ ಕೈಯಿಂದ ಆಡಳಿತ ಹೋಯಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನಗರದ ದಂಗೆಯಲ್ಲಿ ಎದ್ದವರು ಕಂದಾಯದ ಭಾರಕ್ಕೆ ರೋಸಿದ ರೈತರು. ವಾರ್ಸಾದ ದಂಗೆ ಶುರುವಾದದ್ದು ಯುವ ಸೈನಿಕ ಅಧಿಕಾರಿಗಳಿಂದ, ಅಲ್ಲಿನ ಸಂಸತ್ತು ಬಿಟ್ಟಿ ಚಾಕರಿಯ ಪ್ರಶ್ನೆಯನ್ನು ಎತ್ತಿ ಬಗೆಹರಿಸದೆ ಕೈಬಿಟ್ಟಿತು. ಸೋತ ಮೇಲೆ ಸಾವಿರಾರು ಜನ ಪ್ಯಾರಿಸ್ ಸೇರಿದರು. ಅವರಲ್ಲಿ ಕವಿ ಆದಮ್ ಮಿತ್ಸ್ಕ್ಯೇವಿಚ್ 1832ರಲ್ಲಿ ಪೋಲೆಂಡನ್ನು ನಾಡುಗಳ ನಡುವಿನ ಕ್ರಿಸ್ತ ಎಂದು ಕಂಡ. ಎಲ್ಲರ ಬಿಡುಗಡೆಗಾಗಿ ಶಿಲುಬೆ ಏರಿದ ನಾಡು, ಮತ್ತೆ ಎದ್ದುಬರುವ ನಾಡು. 'ನಮ್ಮ ಸ್ವಾತಂತ್ರ್ಯಕ್ಕೆ, ನಿಮ್ಮ ಸ್ವಾತಂತ್ರ್ಯಕ್ಕೂ' ಎಂಬ ಘೋಷಣೆಯೂ 1831ರದ್ದೇ. ಇದೇ ಕವಿಯ ಮಹಾಕಾವ್ಯ ಶುರುವಾಗುವುದು ಪೋಲಿಷ್ ಭಾಷೆಯಲ್ಲಿ, ಆದರೆ 'ಲಿಥುವೇನಿಯಾ, ನನ್ನ ನಾಡೇ' ಎಂದು. ಇದರಲ್ಲಿ ಗೊಂದಲ ಏನೂ ಇಲ್ಲ. ಅವನ ಪೋಲೆಂಡಿನಲ್ಲಿ ಲಿಥುವೇನಿಯಾ ಒಂದು ಮನೆ, ಪೋಲಿಷ್ ಆ ಮನೆಯ ಮಾತು. ಭಾಷೆಗೊಂದು ರಾಜ್ಯ ಎಂಬ ನಮ್ಮ 1956ರ ಅಳತೆಗೋಲು ಹಿಡಿದು ಹೋದರೆ ಈ ಸಾಲು ಅರ್ಥವಾಗುವುದೇ ಇಲ್ಲ.

ಈ ಚಿಂತನೆ ಎಲ್ಲಿ ಮುರಿಯಿತು? ಗಾಲಿತ್ಸಿಯಾದಲ್ಲಿ, 1846ರ ಫೆಬ್ರವರಿಯಲ್ಲಿ. ಆಸ್ಟ್ರಿಯಾದ ಪಾಲಿಗೆ ಬಂದ ಆ ಸೀಮೆಯಲ್ಲಿ ಕುಲೀನರು ಮತ್ತೊಂದು ದಂಗೆಗೆ ಸಿದ್ಧರಾಗುತ್ತಿದ್ದರು. ತಾರ್ನುಫ್ ಸುತ್ತಲಿನ ರೈತರು ಯಾಕುಬ್ ಶೇಲ ಎಂಬ ಒಕ್ಕಲಿನ ಮುಂದಾಳುತನದಲ್ಲಿ ಎದ್ದರು, ಆದರೆ ಆಸ್ಟ್ರಿಯಾದ ವಿರುದ್ಧ ಅಲ್ಲ. ತಮ್ಮದೇ ಭಾಷೆಯ, ತಮ್ಮದೇ ಚರ್ಚಿನ ಒಡೆಯರ ವಿರುದ್ಧ. ಸುಮಾರು 1000 ಕುಲೀನರನ್ನು ಕೊಂದರು, ನೂರಾರು ದೊಡ್ಡಮನೆಗಳನ್ನು ಲೂಟಿ ಮಾಡಿದರು. ಕಾರಣ ಸರಳ. ಆ ರೈತನಿಗೆ 'ಪೋಲಿಷ್' ಎಂದರೆ ತನ್ನ ಬೆನ್ನ ಮೇಲಿನ ಚಾವಟಿ, ಚಕ್ರವರ್ತಿ ಎಂದರೆ ಆ ಚಾವಟಿಯನ್ನು ತಡೆಯಬಹುದಾದ ದೂರದ ಕೈ. ಪೋಲಿಷ್ ಚಿಂತನೆಯಲ್ಲಿ ಇದಕ್ಕಿಂತ ದೊಡ್ಡ ಆಘಾತ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಬಿಟ್ಟಿ ಚಾಕರಿ ಆಸ್ಟ್ರಿಯಾದ ಪಾಲಿನಲ್ಲಿ 1848ರಲ್ಲಿ, ರಷ್ಯಾದ ಪಾಲಿನಲ್ಲಿ 1864ರಲ್ಲಿ ಹೋಯಿತು. ಪ್ರಷ್ಯಾದಲ್ಲಿ 1807ರಲ್ಲಿ ಶುರುವಾಗಿ ನಿಧಾನವಾಗಿ ಮುಗಿಯಿತು. ಮೂರೂ ಕಡೆ ಬಿಡುಗಡೆಯ ಹೆಸರು ಬಂದದ್ದು ಪರರಾಜರಿಗೆ. 1863ರ ದಂಗೆಕೋರರು ರೈತರಿಗೆ ಭೂಮಿ ಎಂದು ಘೋಷಿಸಿದ್ದರು, ಝಾರ್ ಮರುವರ್ಷ ಅದನ್ನೇ ಆಜ್ಞೆ ಮಾಡಿ ಅವರ ಕೈಯಿಂದ ಕಿತ್ತುಕೊಂಡ.

ಆಮೇಲಿನ ಇಪ್ಪತ್ತು ವರ್ಷ ವಾರ್ಸಾದ ಪಾಸಿಟಿವಿಸ್ಟರದು. ಕತ್ತಿ ಬೇಡ, ಶಾಲೆ, ಕಾರ್ಖಾನೆ, ಸಹಕಾರ ಸಂಘ ಕಟ್ಟೋಣ ಎಂದರು. ಸರ್ ಎಂ.ವಿ. ಅವರನ್ನು ಬಲ್ಲ ಮೈಸೂರು, ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಷ್ಯಾದ ಪಾಲಿನಲ್ಲಿ ರೈತ ನಾಡವನಾದ ಬಗೆ ಬೇರೆ, ಅದನ್ನು ನಿಧಾನವಾಗಿ ನೋಡಬೇಕು. ಬಿಸ್ಮಾರ್ಕ್ 1886ರಲ್ಲಿ ಪೋಲಿಷರ ಜಮೀನು ಕೊಂಡು ಜರ್ಮನರಿಗೆ ಹಂಚಲು ಒಂದು ಆಯೋಗ ಮಾಡಿದ. ಪೋಲಿಷರೂ ಸಹಕಾರಿ ಬ್ಯಾಂಕು ಕಟ್ಟಿ ಜಮೀನು ಕೊಳ್ಳತೊಡಗಿದರು. 1901ರಲ್ಲಿ ವ್ಜೆಶ್ನ್ಯಾ ಊರಿನ ಶಾಲೆಯಲ್ಲಿ ಧರ್ಮಪಾಠವನ್ನೂ ಜರ್ಮನ್ನಿನಲ್ಲೇ ಒಪ್ಪಿಸಬೇಕೆಂದಾಗ ಮಕ್ಕಳು ಬಾಯಿ ಬಿಡಲಿಲ್ಲ. ಅವರಿಗೆ ಏಟು ಬಿತ್ತು, ಪ್ರತಿಭಟಿಸಿದ ತಂದೆತಾಯಿಯರು ಕೋರ್ಟು ಹತ್ತಬೇಕಾಯಿತು. 1904ರಲ್ಲಿ ಹೊಸ ಮನೆ ಕಟ್ಟಲು ಪರವಾನಗಿ ಬೇಕು ಎಂಬ ಕಾನೂನು ಬಂತು, ಪೋಲಿಷರಿಗೆ ಅದು ಸಿಗುತ್ತಿರಲಿಲ್ಲ. ಮಿಹಾವ್ ಜಿಮಾವ ಎಂಬ ರೈತ ತನ್ನ ಜಮೀನಿನಲ್ಲಿ ಸರ್ಕಸ್ಸಿನವರ ಗಾಡಿಯೊಂದನ್ನು ತಂದು ಅದರಲ್ಲೇ ಸಂಸಾರ ಹೂಡಿದ. 24 ಗಂಟೆಗಿಂತ ಹೆಚ್ಚು ಒಂದೇ ಜಾಗದಲ್ಲಿ ನಿಂತದ್ದು ಮನೆ ಎಂದು ಅಧಿಕಾರಿಗಳು ಹೇಳಿದರೆ ದಿನಾ ಗಾಡಿಯನ್ನು ಸ್ವಲ್ಪ ಸರಿಸಿದ. ಈ ಗಾಡಿ ಇಡೀ ಪೋಲಿಷ್ ಸೀಮೆಯಲ್ಲಿ ಹೆಸರಾಯಿತು. ನಾಡು ಎಂದರೇನು ಎಂದು ಅವನಿಗೆ ಯಾವ ಕವಿಯೂ ಹೇಳಿಕೊಡಬೇಕಾಗಲಿಲ್ಲ, ಪರವಾನಗಿ ಕೊಡದ ಕಚೇರಿಯೇ ಹೇಳಿಕೊಟ್ಟಿತು.

ರೋಮನ್ ದ್ಮೋವ್‌ಸ್ಕಿ ಬರುವುದು ಈ ಹೊತ್ತಿಗೆ. 1864ರಲ್ಲಿ ವಾರ್ಸಾದ ಅಂಚಿನಲ್ಲಿ ಹುಟ್ಟಿದವನು, ಓದಿದ್ದು ಜೀವವಿಜ್ಞಾನ. 1893ರಲ್ಲಿ ನ್ಯಾಷನಲ್ ಲೀಗ್ ಎಂಬ ಗುಪ್ತ ಸಂಘಟನೆ ಕಟ್ಟಿದ. ಅವನ ಜೊತೆಗೆ ಇಬ್ಬರು. ಯಾನ್ ಲುದ್ವಿಕ್ ಪೊಪ್ವಾವ್‌ಸ್ಕಿ ನಾಡೆಂದರೆ ರೈತ, ಕುಲೀನನಲ್ಲ ಎಂದ. ಪೂರ್ವದ ಹಳೆಯ ಸೀಮೆಗಳಿಗೆ ಹಂಬಲಿಸುವುದಕ್ಕಿಂತ ಪಶ್ಚಿಮದ ಸೈಲೇಸಿಯಾ, ಪೊಮೆರೇನಿಯಾ, ಸಮುದ್ರ ತೀರ ನೋಡಿ ಎಂದ. ಜಿಗ್ಮುಂತ್ ಬಲಿತ್ಸ್ಕಿ 1902ರಲ್ಲಿ 'ನಾಡಿನ ಸ್ವಾರ್ಥ' ಎಂಬುದನ್ನು ನೀತಿಯೆಂದೇ ಮಂಡಿಸಿದ. ಇವರ ಪತ್ರಿಕೆಯ ಹೆಸರಿನ ಅರ್ಥ 'ಅಖಿಲ ಪೋಲಿಷ್ ವಿಮರ್ಶೆ'. ಮೊದಲು ಅಚ್ಚಾಗುತ್ತಿದ್ದುದು ಆಸ್ಟ್ರಿಯಾದ ಪಾಲಿನ ಲ್ವುಫ್ ನಗರದಲ್ಲಿ (ಇವತ್ತಿನ ಲ್ವಿವ್), ಯಾಕೆಂದರೆ ಆ ಪಾಲಿನಲ್ಲಿ ಪೋಲಿಷ್ ಶಾಲೆ, ವಿಶ್ವವಿದ್ಯಾಲಯ, ಪತ್ರಿಕೆಗಳಿಗೆ ಅವಕಾಶವಿತ್ತು. ರಷ್ಯಾದ ಪಾಲಿಗೆ ಅದು ಗಡಿ ದಾಟಿ ಕಳ್ಳದಾರಿಯಲ್ಲಿ ಹೋಗುತ್ತಿತ್ತು. ಮೂರು ಪಾಲನ್ನೂ ಒಂದೇ ನಾಡೆಂದು ಬರೆಯುವ ಈ ಧೈರ್ಯ ಅಖಂಡ ಕರ್ನಾಟಕದ ಮಾತು ಕೇಳಿದ ನಮಗೆ ಚೆನ್ನಾಗಿ ಗೊತ್ತು.

ಆದರೆ 1903ರಲ್ಲಿ ಪುಸ್ತಕವಾಗಿ ಬಂದ ದ್ಮೋವ್‌ಸ್ಕಿಯ 'ಆಧುನಿಕ ಪೋಲಿಷನೊಬ್ಬನ ಆಲೋಚನೆಗಳು' ಓದುವಾಗ ಮೈ ಎಚ್ಚರವಿರಬೇಕು. ಅದರಲ್ಲಿ ಎರಡು ಪದರ ಇದೆ. ಮೇಲಿನ ಪದರ ಆತ್ಮವಿಮರ್ಶೆ: ನಮ್ಮ ಕುಲೀನರು ಸೋಮಾರಿಗಳು, ಸಹಿಸುವುದನ್ನೇ ಗುಣವೆಂದು ಹೊಗಳಿಕೊಂಡವರು, ನಗರದ ಮಧ್ಯಮವರ್ಗ ಬೆಳೆಯಲು ಬಿಡಲಿಲ್ಲ. ಬಹುಪಾಲು ಇದು ಸರಿಯೇ. ಕೆಳಗಿನ ಪದರದಲ್ಲಿ ನಾಡು ಒಂದು ಜೀವಿ, ನಾಡುಗಳ ನಡುವೆ ಇರುವುದು ಉಳಿವಿನ ಹೋರಾಟ, ಅಲ್ಲಿ ನ್ಯಾಯದ ಮಾತಿಲ್ಲ. ಉಕ್ರೇನಿಯನ್ನರು ಒಂದೋ ಕರಗಬೇಕು, ಇಲ್ಲವೇ ಹೋರಾಡಿ ತಾವೂ ನಾಡೆಂದು ತೋರಿಸಬೇಕು. ಯಹೂದಿಗಳಂತೂ ಕರಗಿಸಿಕೊಳ್ಳಲಾಗದವರು. ಮೊದಲ ಪದರ ಮೆಚ್ಚಿದವರು ಎರಡನೆಯದನ್ನು ಗಮನಿಸದೆ ನುಂಗುತ್ತಾರೆ. 1912ರಲ್ಲಿ ಡೂಮಾ ಎಂಬ ರಷ್ಯಾದ ಸಂಸತ್ತಿನ ಚುನಾವಣೆಯಲ್ಲಿ ವಾರ್ಸಾದ ಯಹೂದಿ ಮತದಾರರು ಅವನಿಗೆ ಮತ ಹಾಕದಾಗ ಯಹೂದಿ ಅಂಗಡಿಗಳ ಬಹಿಷ್ಕಾರ ಶುರುವಾಯಿತು. ಪುಸ್ತಕದ ತರ್ಕ ಬೀದಿಗೆ ಬರಲು ಹತ್ತು ವರ್ಷವೂ ಬೇಕಾಗಲಿಲ್ಲ.

ಎದುರು ಪಕ್ಷದಲ್ಲಿ ಯೂಜೆಫ್ ಪಿಲ್ಸುಡ್‌ಸ್ಕಿ. 1867ರಲ್ಲಿ ವಿಲ್ನಿಯಸ್ ಹತ್ತಿರ ಕುಲೀನರ ಮನೆಯಲ್ಲಿ ಹುಟ್ಟಿ ಸಮಾಜವಾದಿ ಪಕ್ಷದಲ್ಲಿ ಬೆಳೆದವನು. ಅವನಿಗೆ ಮುಖ್ಯ ಶತ್ರು ರಷ್ಯಾ, ದ್ಮೋವ್‌ಸ್ಕಿಗೆ ಜರ್ಮನಿ. 1904ರಲ್ಲಿ ರಷ್ಯಾ–ಜಪಾನ್ ಯುದ್ಧದ ನಡುವೆ ಇಬ್ಬರೂ ಟೋಕಿಯೋಗೆ ಹೋದರು. ದಂಗೆಗೆ ಆಯುಧ ಕೊಡಿ ಎಂದು ಒಬ್ಬ, ಕೊಡಬೇಡಿ ಎಂದು ಇನ್ನೊಬ್ಬ. ಪಿಲ್ಸುಡ್‌ಸ್ಕಿಯ ಮನಸ್ಸಿನಲ್ಲಿದ್ದದ್ದು ಹಳೆಯ ಯಾಗೆಲ್ಲೊ ವಂಶದ ಭೂಪಟ: ಲಿಥುವೇನಿಯನ್, ಬೆಲರೂಸಿಯನ್, ಉಕ್ರೇನಿಯನ್ ಎಲ್ಲರೂ ಪೋಲೆಂಡಿನ ಜೊತೆ ಒಕ್ಕೂಟದಲ್ಲಿ. ದ್ಮೋವ್‌ಸ್ಕಿಯ ಬಳಗದ್ದು ಇನ್ನೂ ಹಳೆಯ ಪ್ಯಾಸ್ತ್ ವಂಶದ ಭೂಪಟ: ಪಶ್ಚಿಮಕ್ಕೆ ಸರಿದ, ಪೋಲಿಷರೇ ತುಂಬಿದ ರಾಜ್ಯ. ಈ ಎರಡು ಭೂಪಟಗಳನ್ನು ಬೇರೆ ಬೇರೆ ಹಾಳೆಯಲ್ಲಿ ಕೈಯಿಂದಲೇ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಮುಂದಿನದ್ದೆಲ್ಲ ಇವುಗಳ ಮೇಲೆ ಬೆರಳಿಟ್ಟು ಓದಬಹುದು.

ಪಠ್ಯಪುಸ್ತಕಗಳು ಇಲ್ಲೊಂದು ತಪ್ಪು ಮಾಡುತ್ತವೆ. ಪಿಲ್ಸುಡ್‌ಸ್ಕಿ ಅಧಿಕಾರಕ್ಕೆ ಬಂದ, ಆದ್ದರಿಂದ ಅವನ ವಿಚಾರ ಗೆದ್ದಿತು ಎನ್ನುತ್ತವೆ. ಆದದ್ದು ಹಾಗಲ್ಲ. ಸೋವಿಯತ್ ರಷ್ಯಾದ ಜೊತೆಗಿನ ಯುದ್ಧ ಮುಗಿಸಿದ 1921ರ ಮಾರ್ಚ್ 18ರ ರೀಗಾ ಒಪ್ಪಂದದ ಮಾತುಕತೆಯಲ್ಲಿ ಮಿನ್ಸ್ಕ್ ಸೀಮೆ ಸಿಗುವಂತಿದ್ದರೂ ದ್ಮೋವ್‌ಸ್ಕಿಯ ಬಳಗದ ಸ್ತನಿಸ್ವಾವ್ ಗ್ರಾಬ್ಸ್ಕಿ ಬೇಡವೆಂದ, ಪೋಲಿಷರಲ್ಲದವರು ಹೆಚ್ಚಾದರೆ ಕರಗಿಸಿಕೊಳ್ಳಲಾಗದು ಎಂದು. ಒಕ್ಕೂಟದ ಕನಸು ಅಲ್ಲಿಗೆ ಮುಗಿಯಿತು. ಬಂದ ರಾಜ್ಯವೋ ಎರಡೂ ಭೂಪಟಕ್ಕೆ ಹೊಂದದ್ದು. ಒಕ್ಕೂಟ ಎನ್ನಲು ಸಣ್ಣದು, ಒಂದೇ ನಾಡವರದು ಎನ್ನಲು ದೊಡ್ಡದು. 1931ರಲ್ಲಿ ಪೋಲಿಷ್ ಮಾತೃಭಾಷೆಯವರು ಶೇ. 69 ಮಾತ್ರ. 1922ರ ಡಿಸೆಂಬರ್‌ನಲ್ಲಿ ಗಾಬ್ರಿಯೆಲ್ ನಾರುತೋವಿಚ್ ಅಲ್ಪಸಂಖ್ಯಾತ ಪ್ರತಿನಿಧಿಗಳ ಮತವೂ ಸೇರಿ ಮೊದಲ ಅಧ್ಯಕ್ಷನಾದ. ಪೋಲಿಷರಲ್ಲದವರ ಮತದಿಂದ ಆರಿಸಿ ಬಂದವನು ನಮ್ಮ ಅಧ್ಯಕ್ಷನಲ್ಲ ಎಂದು ಬೀದಿಯಲ್ಲಿ ಕೂಗೆದ್ದಿತು. ಅಧಿಕಾರ ವಹಿಸಿಕೊಂಡ ಐದನೇ ದಿನ, 16ರಂದು, ಒಬ್ಬ ರಾಷ್ಟ್ರೀಯವಾದಿ ಚಿತ್ರಕಾರ ಅವನನ್ನು ಗುಂಡಿಕ್ಕಿ ಕೊಂದ. 'ನಾಡವರು' ಎಂಬ ಪದಕ್ಕೆ ಯಾವ ಅರ್ಥ ಎಂಬ ಜಗಳದ ಮೊದಲ ಬಲಿ ರಾಜ್ಯದ ಮುಖ್ಯಸ್ಥನೇ. 1926ರಲ್ಲಿ ಪಿಲ್ಸುಡ್‌ಸ್ಕಿ ಸೇನೆಯ ಬಲದಿಂದ ಅಧಿಕಾರ ಹಿಡಿದ. 1927ರಲ್ಲಿ ದ್ಮೋವ್‌ಸ್ಕಿ ಕ್ಯಾಥೊಲಿಕ್ ಧರ್ಮ ಪೋಲಿಷ್‌ತನದ ತಿರುಳೇ ಎಂದು ಬರೆದ. ಯುವಕನಾಗಿದ್ದಾಗ ವಿಜ್ಞಾನದಿಂದ ವಾದ ಕಟ್ಟಿದವನು ಕೊನೆಗೆ ಧರ್ಮದ ಆಸರೆ ಹಿಡಿದ. 1935ರಲ್ಲಿ ಪಿಲ್ಸುಡ್‌ಸ್ಕಿ ಸತ್ತ ಮೇಲೆ ಅವನ ಉತ್ತರಾಧಿಕಾರಿಗಳೂ ಎದುರಾಳಿಯ ಭಾಷೆಯನ್ನೇ ಆಡತೊಡಗಿದರು. 1937ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳು ಬೇರೆ ಬೆಂಚಿನಲ್ಲಿ ಕೂರಬೇಕೆಂಬ ನಿಯಮವನ್ನು ಸರ್ಕಾರವೇ ಒಪ್ಪಿತು.

ಒಂದೇ ನಾಡವರ ಪೋಲೆಂಡ್ ಕೊನೆಗೂ ಆಯಿತು. ಮಾಡಿದವರು ಹಿಟ್ಲರ್ ಮತ್ತು ಸ್ಟಾಲಿನ್. ಯುದ್ಧದಲ್ಲಿ ಪೋಲೆಂಡಿನ ಸುಮಾರು 30 ಲಕ್ಷ ಯಹೂದಿ ಪ್ರಜೆಗಳ ಹತ್ಯೆಯಾಯಿತು. 1945ರಲ್ಲಿ ಪೂರ್ವದ ಸೀಮೆಗಳು ಸೋವಿಯತ್ ಪಾಲಾದವು, ಪಶ್ಚಿಮದ ಜರ್ಮನ್ ಸೀಮೆಗಳು ಪೋಲೆಂಡಿಗೆ ಬಂದವು, ಜರ್ಮನರನ್ನು ಹೊರಹಾಕಲಾಯಿತು. 1947ರ 'ವಿಸ್ತುಲಾ ಕಾರ್ಯಾಚರಣೆ'ಯಲ್ಲಿ ಸುಮಾರು 1,40,000 ಉಕ್ರೇನಿಯನ್ನರು ಮತ್ತು ಲೆಮ್ಕೊ ಎಂಬ ಬೆಟ್ಟಸೀಮೆಯ ಜನರನ್ನು ಆಗ್ನೇಯದಿಂದ ಎಬ್ಬಿಸಿ ಪಶ್ಚಿಮದಲ್ಲಿ ಚದುರಿಸಲಾಯಿತು. ಆ ಹೊಸ ಪಶ್ಚಿಮವನ್ನು ಕಮ್ಯುನಿಸ್ಟ್ ಸರ್ಕಾರ 'ಮರಳಿ ಪಡೆದ ನೆಲ' ಎಂದಿತು. ಅದು ಪ್ಯಾಸ್ತ್ ಭೂಪಟವೇ, ಪೊಪ್ವಾವ್‌ಸ್ಕಿಯ ಮಾತೇ. 1968ರಲ್ಲಿ ಅದೇ ಸರ್ಕಾರ ಝಿಯಾನಿಸಂ (ಯಹೂದಿ ರಾಷ್ಟ್ರೀಯವಾದ) ವಿರೋಧದ ಹೆಸರಿನಲ್ಲಿ ನಡೆಸಿದ ಅಭಿಯಾನದಿಂದ ಸುಮಾರು 13,000 ಯಹೂದಿ ಮೂಲದವರು ದೇಶ ಬಿಟ್ಟರು. ಕಮ್ಯುನಿಸಂ ಬಂದದ್ದರಿಂದ ರಾಷ್ಟ್ರೀಯವಾದ ನಿಂತಿತು ಎಂದು ಪರೀಕ್ಷೆಯಲ್ಲಿ ಬರೆಯುವವರು ಈ ಎರಡು ಇಸವಿಗಳನ್ನು, 1947 ಮತ್ತು 1968, ನೆನಪಿಡಬೇಕು.

ಯಾಗೆಲ್ಲೊ ಭೂಪಟವನ್ನು ಅಷ್ಟರಲ್ಲಿ ಇನ್ನೊಬ್ಬರು ತಿದ್ದುತ್ತಿದ್ದರು. ಪ್ಯಾರಿಸ್ ಬಳಿಯಿಂದ ಯೆಜಿ ಗ್ಯೆದ್ರೊಯ್ತ್ಸ್ ಹೊರಡಿಸುತ್ತಿದ್ದ 'ಕುಲ್ತೂರ' ಪತ್ರಿಕೆಯಲ್ಲಿ ಯೂಲ್ಯುಷ್ ಮ್ಯೆರೊಶೆವ್‌ಸ್ಕಿ ಒಂದು ಕಹಿ ಮಾತು ಹೇಳಿದ: ವಿಲ್ನಿಯಸ್ ಲಿಥುವೇನಿಯಾದ್ದು, ಲ್ವಿವ್ ಉಕ್ರೇನಿನದು, ಅವುಗಳ ಆಸೆ ಬಿಡಿ. ಉಕ್ರೇನ್, ಲಿಥುವೇನಿಯಾ, ಬೆಲರೂಸ್ ಸ್ವತಂತ್ರವಾಗಿ ನಿಂತರೆ ಮಾತ್ರ ಪೋಲೆಂಡ್ ಸುರಕ್ಷಿತ. ಪೂರ್ವದಲ್ಲಿ ಮನೆ, ಗೋರಿ, ನೆನಪು ಎಲ್ಲವನ್ನೂ ಬಿಟ್ಟು ಬಂದ ವಲಸಿಗರಿಗೆ ಇದನ್ನು ಬರೆಯುವುದು ಸುಲಭವಾಗಿರಲಿಲ್ಲ, ಓದುಗರು ಸಿಟ್ಟಾದರು. ಆದರೆ ಈ ಇಡೀ ಪರಂಪರೆಯಲ್ಲಿ ನಾನು ಅತ್ಯಂತ ಗೌರವಿಸುವ ಚಿಂತನೆ ಇದೇ. ಅದು ಕೆಲಸಕ್ಕೂ ಬಂತು. 1991ರ ಡಿಸೆಂಬರ್ 1ರಂದು ಉಕ್ರೇನಿನಲ್ಲಿ ಸ್ವಾತಂತ್ರ್ಯದ ಜನಮತಗಣನೆ ನಡೆಯಿತು. ಮರುದಿನವೇ ಪೋಲೆಂಡ್ ಉಕ್ರೇನಿಗೆ ಮಾನ್ಯತೆ ಕೊಟ್ಟಿತು, ಎಲ್ಲರಿಗಿಂತ ಮೊದಲು.

ದ್ಮೋವ್‌ಸ್ಕಿಯ ಸಾಲೂ ಬತ್ತಲಿಲ್ಲ. 1922ರಲ್ಲಿ ಹುಟ್ಟಿದ 'ಅಖಿಲ ಪೋಲಿಷ್ ಯುವಜನ' ಸಂಘಟನೆ 1989ರಲ್ಲಿ ಮತ್ತೆ ಶುರುವಾಯಿತು. 2006ರಲ್ಲಿ ವಾರ್ಸಾದಲ್ಲಿ ಅವನ ಪ್ರತಿಮೆ ನಿಂತಿತು. 1943ರಲ್ಲಿ ವೊಲ್ಹೀನಿಯಾದಲ್ಲಿ ಉಕ್ರೇನಿಯನ್ ಬಂಡುಕೋರರು ಪೋಲಿಷ್ ಹಳ್ಳಿಗರನ್ನು ಕೊಂದ ನೆನಪು, 1941ರಲ್ಲಿ ಯೆದ್‌ವಾಬ್ನೆಯಲ್ಲಿ ಪೋಲಿಷ್ ನೆರೆಯವರೇ ಯಹೂದಿಗಳನ್ನು ಕೊಂದ ನೆನಪು, ಎರಡೂ ಇವತ್ತಿಗೂ ಚುನಾವಣೆಯ ಮಾತಾಗುತ್ತವೆ. ನಾಜಿ ಅಪರಾಧಗಳಿಗೆ ಪೋಲಿಷ್ ನಾಡನ್ನು ಹೊಣೆ ಮಾಡುವವರಿಗೆ ಜೈಲು ಎಂಬ ಕಾನೂನು 2018ರ ಆರಂಭದಲ್ಲಿ ಬಂದು, ಹೊರಗಿನ ಒತ್ತಡಕ್ಕೆ ಜೂನ್‌ನಲ್ಲಿ ಜೈಲಿನ ಭಾಗ ಬಿದ್ದುಹೋಯಿತು. ಆ ಕಾನೂನಿನಲ್ಲೂ 'ಪಾನ್‌ಸ್ತ್ವೊ' ಬೇರೆ, 'ನಾರುದ್' ಬೇರೆ ಎಂದೇ ಬರೆದಿತ್ತು.

ನವೆಂಬರ್ 11 ಅವರ ಸ್ವಾತಂತ್ರ್ಯ ದಿನ. 1918ರ ಆ ದಿನ ವಾರ್ಸಾದಲ್ಲಿ ಸೇನೆಯ ಅಧಿಕಾರ ಪಿಲ್ಸುಡ್‌ಸ್ಕಿಯ ಕೈಗೆ ಬಂತು, ದಿನ ಅವನದು. ಪ್ರತಿವರ್ಷ ಅವತ್ತು ರಾಷ್ಟ್ರೀಯವಾದಿಗಳ ದೊಡ್ಡ ಮೆರವಣಿಗೆ ಹೊರಡುವ ಸರ್ಕಲ್ಲಿಗೆ ಇಟ್ಟಿರುವ ಹೆಸರು ದ್ಮೋವ್‌ಸ್ಕಿಯದು.